ಚಿಟ್ಟಿ ಇಡುವ ಕೈ

ಕಾಸರಗೋಡು ಜಿಲ್ಲೆಯ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವಾಗ ಒಂದು ಯಕ್ಷಗಾನ ಕಮ್ಮಟಕ್ಕೆ ಹೋಗಿದ್ದೆ. ಬೆಳಗ್ಗೆ ಉಪನ್ಯಾಸ ಇತ್ತು. ಯಕ್ಷಗಾನ ಪ್ರಸಂಗಗಳ ಕವಿ, ಕುಂಬಳೆಯ ಪಾರ್ತಿಸುಬ್ಬನ ಬಗ್ಗೆ. ಚೆನ್ನಾಗಿತ್ತು, ಆದರೆ ನನಗೆ ಜಾಸ್ತಿ ನೆನಪಿರುವುದು ಮಧ್ಯಾಹ್ನದ್ದು.

ಹಿರಿಯ ಕಲಾವಿದರೊಬ್ಬರು ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರದ ವೇಷಕ್ಕೆ, ಕೂತರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಹಿಟ್ಟು. ಕಡ್ಡಿಯ ತುದಿಯಲ್ಲಿ ಅದನ್ನು ತೆಗೆದು, ಕೆನ್ನೆಯ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಾ ಹೋದರು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಳ್ಳಿನ ಹಾಗೆ ಎದ್ದು ನಿಲ್ಲಬೇಕು. ಎಡಗೈಯಲ್ಲಿ ಕನ್ನಡಿ, ಬಲಗೈ ಸ್ವಲ್ಪವೂ ನಡುಗಲಿಲ್ಲ. ಎರಡು ಗಂಟೆ ದಾಟಿದರೂ ಅರ್ಧ ಮುಖವೇ ಆಗಿತ್ತು. ನಾವು ಉಸಿರು ಬಿಗಿಹಿಡಿದು ಕೂತಿದ್ದೆವು.

ಪಕ್ಕದಲ್ಲಿದ್ದ ಮಲಯಾಳಿ ಗೆಳತಿ, "ಕಥಕಳಿಯಲ್ಲೂ ಚುಟ್ಟಿ ಅಂತಲೇ ಹೇಳುತ್ತೇವೆ" ಎಂದಳು. ಕನ್ನಡ, ಮಲಯಾಳ ಎರಡೂ ಬೆರೆತ ನಮ್ಮ ಕಾಸರಗೋಡಿನಲ್ಲಿ ಇದು ಸಹಜ ಅಲ್ವಾ? ನಮ್ಮ ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯ, ಚೆಂಡೆಯೂ ಅವರ ಚೆಂಡೆಯೂ ನೋಡಲು ಒಂದೇ ಥರ. ಆದರೂ ಅವಳ ಬಾಯಲ್ಲಿ ಕೇಳಿದಾಗ ಮೈ ಜುಂ ಎಂದಿತು.

ಸಂಜೆ ಚೆಂಡೆಗೆ ಪೆಟ್ಟು ಬಿತ್ತು. ಅದೇ ಮುಖ ಪಂಜಿನ ಬೆಳಕಲ್ಲಿ ಅಬ್ಬರಿಸುತ್ತಾ ಬಂತು. ಗೆಳತಿ ನನ್ನ ಕೈ ಗಟ್ಟಿ ಹಿಡಿದುಕೊಂಡಳು.