ಕಿಟ್ ರೈಫಲ್ ಜೋಡಿಸೋಕೆ ಮುಂಚೆ ಪಾರ್ಟ್ಸ್ ಲೆಕ್ಕ ಹಾಕ್ರಪ್ಪ

ಟೆಕ್ಸಸ್ ಕಡೆ ನಮ್ಮ ಕನ್ನಡದ ಹುಡುಗ್ರಲ್ಲಿ ಶೂಟಿಂಗ್ ರೇಂಜಿಗೆ ಹೋಗೋ ಹುಚ್ಚು ಹತ್ತಿದವ್ರು ಈಗ ಸುಮಾರು ಜನ ಇದಾರೆ. ಅದ್ರಲ್ಲಿ ಕೆಲವ್ರಿಗೆ ಹಳೇ ಮಿಲಿಟರಿ ರೈಫಲ್ ಕಿಟ್, ಅಂದ್ರೆ ಬಿಚ್ಚಿಟ್ಟ ರೈಫಲ್‌ನ ಪಾರ್ಟ್ಸ್, ತಗೊಂಡು ಜೋಡಿಸಿಕೊಳ್ಳೋ ಆಸೆ, ಅದ್ರಲ್ಲೂ ಎಕೆ-47 ಥರದ್ದು, ಸುಮ್ನೆ ಎಕೆ ಅಂತಾರೆ. ಮೊನ್ನೆ ದಾವಣಗೆರೆ ಹುಡುಗ ಒಬ್ಬ ಫೋನ್ ಮಾಡಿ "ಅಣ್ಣ, ಪೋಲೆಂಡಿಂದು ಕಿಟ್ ಒಂದು ಒಳ್ಳೆ ರೇಟಿಗೆ ಬಂದಿದೆ, ತಗೊಂಡ್ಬಿಡ್ಲಾ" ಅಂತ ಕೇಳ್ದ. ನಾನು ಕೇಳಿದ್ದು ಒಂದೇ, ಅಮೆರಿಕನ್ ಪಾರ್ಟ್ಸ್ ಎಷ್ಟು ಹಾಕ್ತೀಯ, ಲೆಕ್ಕ ಬರೆದಿದೀಯಾ? ಲೆಕ್ಕ ಯಾಕಣ್ಣ ಅಂದ. ಅದಕ್ಕೇ ಈ ಬರಹ, ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳೋ ಬದ್ಲು ಒಂದ್ಸಲ ಕೂತು ಬರೆದುಬಿಡೋಣ ಅಂತ.

ಮೊದ್ಲು ಕಾನೂನು ಎಲ್ಲಿಂದ ಬಂತು ನೋಡಿ, ಅದು ಗೊತ್ತಿದ್ರೆ ಉಳಿದಿದ್ದೆಲ್ಲ ಸಲೀಸಾಗಿ ತಲೆಗೆ ಹೋಗುತ್ತೆ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಹೊರದೇಶದ ಬಂದೂಕು ಒಳಗೆ ಬರಬೇಕಾದ್ರೆ ಅದು ಬೇಟೆಗೋ ಸ್ಪೋರ್ಟಿಗೋ ಯೋಗ್ಯ ಅಂತ ಇರ್ಬೇಕು. ಎಷ್ಟೋ ವರ್ಷ ಅದನ್ನ ಸಡಿಲವಾಗೇ ನೋಡ್ತಿದ್ರು, ಸೆಮಿ ಆಟೋ (ಟ್ರಿಗರ್ ಒಂದ್ಸಲ ಎಳೆದ್ರೆ ಒಂದೇ ಗುಂಡು) ಎಕೆ, ಬೆಲ್ಜಿಯಂನ ಎಫ್‌ಎಎಲ್ ರೈಫಲ್ ಎಲ್ಲ ಅಂಗಡೀಲಿ ಸಿಗ್ತಿತ್ತು. 1989ರ ಜನವರೀಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಒಬ್ಬ ಪ್ರೈಮರಿ ಸ್ಕೂಲ್ ಮೈದಾನಕ್ಕೆ ಚೀನಾದ ಎಕೆ ಮಾದರಿ ರೈಫಲ್ ತಗೊಂಡೋಗಿ ಗುಂಡು ಹಾರಿಸ್ದ, 5 ಮಕ್ಕಳು ಸತ್ರು, ಗಾಯ ಆದವ್ರು ಎಷ್ಟೋ ಜನ. ಅದೇ ಮಾರ್ಚಲ್ಲಿ ಸರ್ಕಾರ ಇಂಥ ರೈಫಲ್ ಆಮದು ನಿಲ್ಲಿಸ್ತು, ಜುಲೈನಲ್ಲಿ 43 ಮಾಡೆಲ್‌ಗಳ ಮೇಲೆ ಕಾಯಂ ನಿಷೇಧ ಬಂತು. ಆದ್ರೆ ನಿಷೇಧ ಇದ್ದಿದ್ದು ಇಡೀ ರೈಫಲ್‌ಗೆ. ಬಿಡಿಬಿಡಿಯಾಗಿ ಪಾರ್ಟ್ಸ್ ತರಿಸಿ ಇಲ್ಲೇ ಕೂರಿಸಿಬಿಟ್ರೆ ಅದೇ ರೈಫಲ್ ತಾನೇ? ಆ ಕಿಂಡಿ ಮುಚ್ಚೋಕೆ 1990ರಲ್ಲಿ ಕಾಂಗ್ರೆಸ್ ಸೇರಿಸಿದ್ದೇ ಫೆಡರಲ್ ಕಾನೂನಿನ 922(ಆರ್). ಆಮದು ಮಾಡೋಕೆ ಬರದಂಥ ಸೆಮಿ ಆಟೋ ರೈಫಲ್ ಅಥವಾ ಶಾಟ್‌ಗನ್ನನ್ನ ಆಮದು ಪಾರ್ಟ್ಸಿಂದ ಇಲ್ಲಿ ಜೋಡಿಸೋ ಹಾಗಿಲ್ಲ, ಅಷ್ಟೇ ಅದು ಹೇಳೋದು.

"ಆಮದು ಪಾರ್ಟ್ಸಿಂದ" ಅಂದ್ರೆ ಎಷ್ಟು ಪಾರ್ಟ್ಸಿಂದ? ಅದಕ್ಕೆ ಬಂದೂಕಿನ ಕಾನೂನು ನೋಡ್ಕೊಳ್ಳೋ ಫೆಡರಲ್ ಇಲಾಖೆ ಎಟಿಎಫ್ ಒಂದು ನಿಯಮ ಮಾಡ್ತು, 20 ಪಾರ್ಟ್ಸಿನ ಪಟ್ಟಿ ಇದೆ, ಅದ್ರಲ್ಲಿ 10ಕ್ಕಿಂತ ಜಾಸ್ತಿ ಹೊರದೇಶದ್ದು ಇರಬಾರದು. ಇಲ್ಲೇ ತುಂಬ ಜನ ತಪ್ಪಾಗಿ ತಿಳ್ಕೊಳ್ಳೋದು, 10 ಅಮೆರಿಕನ್ ಪಾರ್ಟ್ಸ್ ಬೇಕು ಅಂತ. ಹಾಗಲ್ಲ. ಹೊರದೇಶದ್ದು 10 ದಾಟಬಾರದು, ಅಮೆರಿಕನ್ ಎಷ್ಟು ಬೇಕು ಅನ್ನೋದು ನಿಮ್ಮ ರೈಫಲ್‌ನಲ್ಲಿ ಆ 20ರ ಪೈಕಿ ಎಷ್ಟು ಇದಾವೆ ಅನ್ನೋದರ ಮೇಲೆ ನಿಂತಿದೆ. ಸ್ಕ್ರೂ, ಸ್ಪ್ರಿಂಗು, ಸೈಟು, ಪಿನ್ನು ಯಾವುದೂ ಪಟ್ಟೀಲಿಲ್ಲ, ಅವು ಯಾವ ದೇಶದ್ದಾದ್ರೂ ಆಗ್ಲಿ.

ಎಕೆ-47ರ ಸುಧಾರಿಸಿದ ರೂಪ ಎಕೆಎಂ ತಗೊಳ್ಳಿ. ರಿಸೀವರ್ (ಉಳಿದಿದ್ದೆಲ್ಲ ಕೂರೋ ಮೈ), ಬ್ಯಾರಲ್, ಟ್ರನಿಯನ್ (ಬ್ಯಾರಲ್ಲನ್ನ ರಿಸೀವರ್‌ಗೆ ಹಿಡಿಯೋ ಕಬ್ಬಿಣದ ತುಂಡು), ಬ್ಯಾರಲ್ ತುದೀಲಿರೋ ಮಜಲ್ ಬ್ರೇಕ್, ಬೋಲ್ಟ್, ಬೋಲ್ಟ್ ಕ್ಯಾರಿಯರ್, ಗ್ಯಾಸ್ ಪಿಸ್ಟನ್, ಟ್ರಿಗರ್, ಹ್ಯಾಮರ್, ಡಿಸ್ಕನೆಕ್ಟರ್, ಸ್ಟಾಕ್, ಪಿಸ್ಟಲ್ ಗ್ರಿಪ್, ಹ್ಯಾಂಡ್‌ಗಾರ್ಡ್, ಆಮೇಲೆ ಗುಂಡು ತುಂಬೋ ಡಬ್ಬಿ ಮ್ಯಾಗಜೀನ್‌ದು ಮೂರು, ಅಂದ್ರೆ ಬಾಡಿ, ಫಾಲೋವರ್, ಫ್ಲೋರ್‌ಪ್ಲೇಟ್. ಒಟ್ಟು 16. ಪಟ್ಟೀಲಿರೋ ಉಳಿದ ನಾಲ್ಕು ಈ ರೈಫಲ್‌ನಲ್ಲಿ ಇಲ್ಲ. 16ರಲ್ಲಿ 10 ಹೊರದೇಶದ್ದು ಇರಬಹುದು ಅಂದ್ಮೇಲೆ 6 ಅಮೆರಿಕದಲ್ಲಿ ತಯಾರಾಗಿದ್ದೇ ಆಗ್ಬೇಕು. ಮಜಲ್ ಬ್ರೇಕ್ ಇಲ್ಲದೇ ಇದ್ರೆ ಒಟ್ಟು 15, ಆಗ 5 ಸಾಕು.

ಈ 6 ಕೇಳೋಕೆ ಜಾಸ್ತಿ ಅನ್ಸುತ್ತೆ, ಆದ್ರೆ ಕಿಟ್ಟಲ್ಲಿ ಅರ್ಧಕ್ಕರ್ಧ ತಾನಾಗೇ ಬಂದ್ಬಿಡುತ್ತೆ. ಕಿಟ್ ಒಳಗೆ ಬರೋವಾಗ್ಲೇ ರಿಸೀವರನ್ನ ಗ್ಯಾಸ್ ಕಟರಲ್ಲಿ ಕತ್ತರಿಸಿರ್ತಾರೆ, ಹಾಗಾಗಿ ಹೊಸ ರಿಸೀವರ್ ಇಲ್ಲೀದೇ ತಗೋಬೇಕು. 2005ರಲ್ಲಿ ಎಟಿಎಫ್ ಇಂಥ ಕಿಟ್‌ಗಳ ಮಿಲಿಟರಿ ಬ್ಯಾರಲ್ ಆಮದೂ ನಿಲ್ಲಿಸಿಬಿಡ್ತು, ಹಾಗಾಗಿ ಆಮೇಲೆ ಬಂದ ಕಿಟ್ಟಿಗೆ ಬ್ಯಾರಲ್ಲೂ ಸಾಮಾನ್ಯವಾಗಿ ಇಲ್ಲೀದೇ. ಒಂದೇ ಸಮ ಗುಂಡು ಹಾರಿಸೋಕೆ ಅಂತ ಮಾಡಿದ ಮಿಲಿಟರಿ ಟ್ರಿಗರ್ ಸೆಟ್ಟನ್ನಂತೂ ಮುಟ್ಟೋದೇ ಬೇಡ, 1986ರ ಮೇ 19ರ ನಂತರ ಸಾಮಾನ್ಯ ಜನ ಹೊಸ ಮಷಿನ್‌ಗನ್ ಇಟ್ಕೊಳ್ಳೋ ಹಾಗೇ ಇಲ್ಲ, ಅದು 922(ಆರ್) ಥರ ಲೆಕ್ಕದ ಪ್ರಶ್ನೆ ಅಲ್ಲ, ಜೈಲಿನ ಪ್ರಶ್ನೆ. ಸೆಮಿ ಆಟೋಗೇ ಅಂತ ಇಲ್ಲಿ ತಯಾರಾದ ಸೆಟ್ ಹಾಕಿದ್ರೆ ಟ್ರಿಗರ್, ಹ್ಯಾಮರ್, ಡಿಸ್ಕನೆಕ್ಟರ್ ಮೂರೂ ಲೆಕ್ಕಕ್ಕೆ ಬರುತ್ತೆ. ಐದಾಯ್ತು. ಆರನೇದೇ ಎಲ್ರೂ ಎಡವೋ ಜಾಗ.

ಸುಲಭ ಅಂತ ಜನ ಮಾಡೋದೇನು ಅಂದ್ರೆ ಅಮೆರಿಕನ್ ಮ್ಯಾಗಜೀನ್ ಒಂದು ತಗೊಂಡು ಅದ್ರ ಮೂರನ್ನ ಲೆಕ್ಕಕ್ಕೆ ಸೇರಿಸಿಬಿಡೋದು. ಕಾಗದದ ಮೇಲೆ ಚೆನ್ನಾಗೇ ಕಾಣುತ್ತೆ, 8 ಅಮೆರಿಕನ್ ಆಯ್ತಲ್ಲ ಅಂತ. ಆದ್ರೆ ಎಕೆ ಇಟ್ಕೊಂಡವ್ರ ಮನೇಲಿ ಒಂದೇ ಮ್ಯಾಗಜೀನ್ ಇರೋದನ್ನ ನಾನಂತೂ ನೋಡಿಲ್ಲ. ಯಾವನೋ ಫ್ರೆಂಡ್ ಬಲ್ಗೇರಿಯಾದ ಸರ್ಪ್ಲಸ್ ಮ್ಯಾಗಜೀನ್ ಕೊಡ್ತಾನೆ, ರೇಂಜಲ್ಲಿ ಅದನ್ನೇ ಸಿಕ್ಕಿಸ್ತೀರ, ಆ ಕ್ಷಣಕ್ಕೆ ಮೂರು ಪಾರ್ಟ್ಸ್ ಈ ಕಡೆಯಿಂದ ಆ ಕಡೆಗೆ ಹೋಯ್ತು, ಹೊರದೇಶದ್ದು 11. ಅದಕ್ಕೆ ನಾನು ಯಾವಾಗ್ಲೂ ಹೇಳೋದು, ಮ್ಯಾಗಜೀನ್‌ದು ಮೂರೂ ಹೊರದೇಶದ್ದು ಅಂತಲೇ ಬರ್ಕೊಂಡು ಉಳಿದಿದ್ರಲ್ಲಿ 6 ತೋರಿಸಿ. ಪಿಸ್ಟಲ್ ಗ್ರಿಪ್ ಒಂದು ಬದ್ಲಾಯಿಸಿದ್ರೆ ಮುಗೀತು, ಇಲ್ಲಾಂದ್ರೆ ಗ್ಯಾಸ್ ಪಿಸ್ಟನ್. ಮರದ ಸ್ಟಾಕು, ಹ್ಯಾಂಡ್‌ಗಾರ್ಡು ಹಳೇದೇ ಉಳೀಲಿ, ಕಿಟ್ಟಿನ ಅಂದ ಇರೋದೇ ಅದ್ರಲ್ಲಿ, ಅದನ್ನ ತೆಗೆದು ಪ್ಲಾಸ್ಟಿಕ್ ಹಾಕೋರನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಯಾವುದು ಎಲ್ಲೀದು ಅಂತ ಗುರುತಿಸೋದು ಹೇಗೆ ಅಂತ ಕೇಳ್ತಾರೆ. ಕಿಟ್ ಬಿಚ್ಚಿದ ತಕ್ಷಣ ಮೊದ್ಲು ಆ ಕಾಸ್ಮೊಲಿನ್ ಗ್ರೀಸ್ ಒರೆಸಿ, ಕಂದು ಬಣ್ಣಕ್ಕೆ ಗಟ್ಟಿಯಾಗಿ ಕೂತಿರುತ್ತೆ, ಸಂದಿಯಲ್ಲೆಲ್ಲ ಇಳಿದಿರುತ್ತೆ. ಒರೆಸಿದ್ಮೇಲೆ ಟ್ರನಿಯನ್ ಮೇಲೆ ಟಾರ್ಚ್ ಬಿಟ್ಟು ನೋಡಿ. ವೃತ್ತದೊಳಗೆ 11 ಇದ್ರೆ ಪೋಲೆಂಡಿನ ರಾಡೊಮ್ ಫ್ಯಾಕ್ಟರಿ, ವೃತ್ತದೊಳಗೆ 10 ಇದ್ರೆ ಬಲ್ಗೇರಿಯಾ, ತ್ರಿಕೋನದೊಳಗೆ ಬಾಣ ಇದ್ರೆ ರೊಮೇನಿಯಾದ ಕುಜಿರ್ ಇರಬಹುದು, ರಷ್ಯಾದ ಇಜ್ಮಾಶ್‌ದೂ ತ್ರಿಕೋನ ಬಾಣವೇ, ಅದನ್ನ ಸ್ವಲ್ಪ ಹುಷಾರಾಗಿ ನೋಡ್ಬೇಕು. ಅಮೆರಿಕನ್ ಪಾರ್ಟ್ಸ್ ಮೇಲೆ ಎಷ್ಟೋ ಸಲ ಗುರುತೇ ಇರಲ್ಲ, ಹಾಗಾಗಿ ಬಿಲ್ ಬಿಸಾಡ್ಬೇಡಿ. ಒಂದು ಹಾಳೇಲಿ 16 ಸಾಲು ಬರೀರಿ, ಎದುರಿಗೆ ದೇಶ, ಎಲ್ಲಿ ತಗೊಂಡಿದ್ದು, ಬಿಲ್ ನಂಬರ್. ಜೋಡಿಸೋಕೆ ಮುಂಚೆ ಬರೀಬೇಕು, ಯಾಕಂದ್ರೆ ಕಾನೂನು ಹಿಡಿಯೋದೇ "ಜೋಡಿಸೋದು" ಅನ್ನೋ ಕೆಲಸವನ್ನ.

ಇದು ಮನೇಲಿ ಕೂತು ಜೋಡಿಸೋರ ತಲೆನೋವು ಮಾತ್ರ ಅಂದ್ಕೋಬೇಡಿ. ಅಂಗಡೀಲಿ ಸಿಗೋ ರೊಮೇನಿಯಾದ ವಾಸರ್ ಅನ್ನೋ ಎಕೆ ಇದೆಯಲ್ಲ, ಅದನ್ನ ಆಮದು ಕಂಪನಿ ಸೆಂಚುರಿ ಆರ್ಮ್ಸ್‌ನವ್ರು ಸ್ಪೋರ್ಟ್ ರೂಪದಲ್ಲಿ ತರಿಸಿ, ಇಲ್ಲಿ ಅಮೆರಿಕನ್ ಪಾರ್ಟ್ಸ್ ಸೇರಿಸಿ ಆಮೇಲೆ ಮಾರೋದು. ರಷ್ಯಾ ಮೇಲೆ ಅಮೆರಿಕ ಹಾಕಿದ 2014ರ ಸ್ಯಾಂಕ್ಷನ್‌ಗಿಂತ ಮುಂಚೆ ಬಂದ ರಷ್ಯಾದ ಸೈಗಾ ರೈಫಲ್ ಇದ್ದವ್ರಿಗೂ ಇದೇ ಕಥೆ, ಬಂದ ರೂಪದಲ್ಲೇ ಇಟ್ಕೊಂಡ್ರೆ ತೊಂದ್ರೆ ಇಲ್ಲ, ಪಿಸ್ಟಲ್ ಗ್ರಿಪ್ ಹಾಕಿ ಎಕೆ ಥರ ಮಾಡೋಕೆ ಹೊರಟ್ರೆ ಲೆಕ್ಕ ಶುರು. ಪೂರ್ತಿ ಇಲ್ಲೇ ತಯಾರಾದ ಎಆರ್-15ಗೆ ಇದ್ಯಾವುದೂ ಅನ್ವಯ ಆಗಲ್ಲ, ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆಯೋ ಬೋಲ್ಟ್ ಆಕ್ಷನ್‌ಗೂ ಇಲ್ಲ. 1990ರ ನವೆಂಬರ್ 30ಕ್ಕಿಂತ ಮುಂಚೆ ಒಳಗೆ ಬಂದಿರೋ ರೈಫಲ್ ರಿಪೇರಿಗೂ ವಿನಾಯಿತಿ ಇದೆ.

"ಯಾರಣ್ಣ ಬಿಚ್ಚಿ ನೋಡ್ತಾರೆ" ಅನ್ನೋರಿಗೆ ನನ್ನ ಉತ್ತರ ಇಷ್ಟು. ಬೇಕಂತಲೇ ಉಲ್ಲಂಘಿಸಿದ್ದು ಸಾಬೀತಾದ್ರೆ 5 ವರ್ಷದವರೆಗೆ ಜೈಲು. ಗ್ರೀನ್ ಕಾರ್ಡಲ್ಲಿ ಇರೋರಿಗೆ ಬಂದೂಕಿನ ಕೇಸಲ್ಲಿ ಶಿಕ್ಷೆ ಆದ್ರೆ ಡಿಪೋರ್ಟ್ ಆಗೋಕೆ ಅದೇ ಕಾರಣ ಸಾಕು. ಹದಿನೈದು ಇಪ್ಪತ್ತು ವರ್ಷ ಕಷ್ಟಪಟ್ಟು ಕಟ್ಟಿದ ಸಂಸಾರನ ಒಂದು ಪಿಸ್ಟಲ್ ಗ್ರಿಪ್ಪಿನ ದುಡ್ಡಿಗೋಸ್ಕರ ಪಣಕ್ಕಿಡ್ತೀರಾ?

ಎಚ್1ಬಿ ಮೇಲೆ ಇರೋ ತಮ್ಮಂದಿರಿಗೆ ಇನ್ನೊಂದು ಮಾತು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ನಾನ್ ಇಮಿಗ್ರೆಂಟ್ ವೀಸಾದಲ್ಲಿ ಬಂದವ್ರು ಬಂದೂಕಾಗ್ಲಿ ಗುಂಡಾಗ್ಲಿ ಇಟ್ಕೊಳ್ಳೋದೇ ಫೆಡರಲ್ ಅಪರಾಧ. ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ರೆ ವಿನಾಯಿತಿ ಉಂಟು, ಆದ್ರೆ ಅದನ್ನ ವಕೀಲರ ಹತ್ರ ಕೂತು ಮಾತಾಡಿಯೇ ನಂಬಿ. ಕಿಟ್ಟಿನ ಪಾರ್ಟ್ಸ್ ಪೋಸ್ಟಲ್ಲಿ ಮನೆಗೆ ಬರುತ್ತೆ, ಯಾರೂ ಏನೂ ಕೇಳಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂತ ಅನ್ಸುತ್ತೆ. ಆದ್ರೆ ರಿಸೀವರ್ ಒಂದೇ ಕಾನೂನಿನ ಕಣ್ಣಲ್ಲಿ ಇಡೀ ಬಂದೂಕು. ಅದಕ್ಕೆ ಡೀಲರ್ ಹತ್ರ ಹೋಗಿ 4473 ಫಾರ್ಮ್ ತುಂಬಬೇಕು, ವಯಸ್ಸು 21 ಆಗಿರಬೇಕು, ಅದ್ರಲ್ಲೇ ಪೌರತ್ವ, ವೀಸಾ ಪ್ರಶ್ನೆ ಎಲ್ಲ ಬರುತ್ತೆ, ಅಲ್ಲಿ ಸುಳ್ಳು ಬರೆದ್ರೆ ಅದೇ ಬೇರೆ ಅಪರಾಧ.

ಊರಿನ ಕಡೆಯಿಂದ ಬಂದ ನಮ್ಮಲ್ಲಿ ಕೆಲವ್ರಿಗೆ ಇದು ವಿಚಿತ್ರ ಅನ್ಸೋದು ನಂಗೆ ಅರ್ಥ ಆಗುತ್ತೆ. ಕೊಡಗಿನವ್ರಿಗೆ, ಜಮ್ಮಾ ಹಿಡುವಳಿ ಇರೋರಿಗೆ ಕೋವಿಗೆ ಲೈಸೆನ್ಸೇ ಬೇಡ, 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿನ 2029ರವರೆಗೆ ವಿಸ್ತರಿಸಿದೆ, ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವ್ರು ಅವ್ರು. ಅಲ್ಲಿ ನೋಡೋದು ನೀನು ಯಾರ ಮಗ, ಯಾವ ಜಮೀನು ಅಂತ. ಇಲ್ಲಿ ನಿನ್ನ ವೀಸಾನೂ ನೋಡ್ತಾರೆ, ಬಂದೂಕಿನ ಒಂದೊಂದು ತುಂಡು ಎಲ್ಲಿ ಹುಟ್ಟಿದ್ದು ಅಂತಲೂ ನೋಡ್ತಾರೆ. ಪೋಲೆಂಡಿನ ಪಿಸ್ಟನ್ ಬದ್ಲು ಓಹಾಯೋದ ಪಿಸ್ಟನ್ ಹಾಕಿದ್ರೆ ರೈಫಲ್ ಕೆಲಸ ಮಾಡೋದ್ರಲ್ಲಿ ಏನೂ ವ್ಯತ್ಯಾಸ ಆಗಲ್ಲ, ಈ ನಿಯಮದಿಂದ ಯಾರ ಜೀವ ಉಳೀತು ಅಂತ ನನ್ನನ್ನ ಕೇಳಿದ್ರೆ ಉತ್ತರ ಇಲ್ಲ, ಇದನ್ನ ತೆಗೆದು ಹಾಕ್ಬೇಕು ಅಂತಲೇ ನನ್ನ ಅಭಿಪ್ರಾಯ. ಆದ್ರೆ ಅದನ್ನ ಹೇಳೋ ಜಾಗ ಮತಪೆಟ್ಟಿಗೆ, ನಿಮ್ಮ ಗ್ಯಾರೇಜ್ ಅಲ್ಲ.

ಕೊನೇದಾಗಿ ರಾಜ್ಯದ ಕಾನೂನು. ಮೇಲೆ ಹೇಳಿದ್ದೆಲ್ಲ ಫೆಡರಲ್. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಇರೋರಿಗೆ ಪಾರ್ಟ್ಸ್ ಲೆಕ್ಕ ಸರಿ ಇದ್ರೂ ಆ ರೈಫಲ್ಲೇ ನಿಷಿದ್ಧ ಆಗಿರಬಹುದು, ಅಸಾಲ್ಟ್ ವೆಪನ್ ಕಾನೂನು ಬೇರೆ ಇದೆ ಅಲ್ಲಿ. ಸೀರಿಯಲ್ ನಂಬರ್ ಇಲ್ಲದ ಅರೆಬರೆ ರಿಸೀವರ್ ಕಿಟ್ಟಿನ ಆಸೆ ಇದ್ದವ್ರು 2022ರ ಎಟಿಎಫ್ ನಿಯಮ ಓದ್ಕೊಳ್ಳಿ, 2025ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿದಿದೆ. ದಾವಣಗೆರೆ ಹುಡುಗ ಗ್ರೀನ್ ಕಾರ್ಡಲ್ಲಿ ಇದಾನೆ, ಟೆಕ್ಸಸ್ಸಲ್ಲೇ ಇದಾನೆ, ಅವ್ನಿಗೆ ಹೇಳಿದೀನಿ, ಕಿಟ್ ತಗೋ, ಆದ್ರೆ 16 ಸಾಲಿನ ಹಾಳೆ ತುಂಬಿ ನನಗೊಂದು ಫೋಟೋ ಕಳ್ಸು, ಆಮೇಲೆ ರಿಸೀವರ್ ಆರ್ಡರ್ ಮಾಡು.