ರೈಲು ಬಿಟ್ಟುಹೋದ ದಾರಿಯಲ್ಲಿ ಮೂರು ದಿನ

ಈ ದಾರಿಯಲ್ಲಿ ಮೊದಲು ರೈಲು ಓಡುತ್ತಿತ್ತು. ಈಗ ಹಳಿ ಇಲ್ಲ. ಹಳಿ ಕಿತ್ತ ಜಾಗಕ್ಕೆ ಡಾಂಬರು ಹಾಕಿ, ಕಾರು ಬೈಕು ನುಗ್ಗದ ಹಾಗೆ ಮಾಡಿ, ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟಿದ್ದಾರೆ. ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ಜಿವ್ರಿ ಅನ್ನುವ ಊರಿನಿಂದ ಕ್ಲೂನಿವರೆಗೆ 44 ಕಿಲೋಮೀಟರು. 1997ರಲ್ಲಿ ತೆರೆದದ್ದು. ಅಲ್ಲಿಯವರು ಇದನ್ನು ‘ವ್ವಾ ವೆರ್ತ್’ ಅನ್ನುತ್ತಾರೆ. ಹಸಿರು ದಾರಿ ಅಂತ ಅರ್ಥ.

ಹೋದ ಜೂನ್ ಮೊದಲ ವಾರ ನಾನೂ ನನ್ನ ಭಾಮೈದನೂ ಮೂರು ದಿನ ಈ ದಾರಿಯಲ್ಲಿ, ಅಕ್ಕಪಕ್ಕದ ಹಳ್ಳಿ ರಸ್ತೆಗಳಲ್ಲಿ ಸೈಕಲ್ ತುಳಿದೆವು. ಅವನಿಗೆ ಲಿಯೋನ್‌ನಲ್ಲಿ ಕೆಲಸ. "ಭಾವ, ಪ್ಯಾರಿಸ್ ಎಲ್ಲರೂ ನೋಡ್ತಾರೆ. ನೀವು ಮೂರು ದಿನ ನನಗೆ ಕೊಡಿ" ಅಂದಿದ್ದ. ಕೊಟ್ಟೆ.

ಲಿಯೋನ್‌ನಿಂದ ಶಾಲೋನ್‌ವರೆಗೆ ಟಿಇಆರ್ ಅನ್ನುವ ಪ್ರಾದೇಶಿಕ ರೈಲು. ಬೋಗಿಯಲ್ಲೇ ಸೈಕಲ್ಲಿಗೆ ಜಾಗ ಇರುತ್ತದೆ. ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ ನೇತು ಹಾಕಿದರೆ ಆಯಿತು. ಶಾಲೋನ್ ಅಂದರೆ ಫೋಟೋಗ್ರಫಿ ಕಂಡುಹಿಡಿದ ನಿಸೆಫೋರ್ ನಿಯೆಪ್ಸ್ 1765ರಲ್ಲಿ ಹುಟ್ಟಿದ ಊರು. ಅವರ ಹೆಸರಿನ ಮ್ಯೂಸಿಯಂ ನದಿ ದಂಡೆಯ ಮೇಲೇ ಇದೆ. ನಮಗೆ ಪೆಡಲ್ ಮೇಲೆ ಕಾಲಿಡುವ ಆತುರ. ಹೊರಗಿನಿಂದಲೇ ನೋಡಿ ಹೊರಟೆವು.

ಜಿವ್ರಿ ದಾಟಿದ ಮೇಲೆ ಮೈ ಹಗುರವಾಯಿತು. ಬಲಕ್ಕೆ ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ ತೋಟ. ಎಡಕ್ಕೆ ಗೋಧಿ ಹೊಲ, ಅದರ ಅಂಚಿನಲ್ಲಿ ಕೆಂಪು ಗಸಗಸೆ ಹೂ. ದಾರಿ ಏರುತ್ತದೆ, ಇಳಿಯುತ್ತದೆ, ಆದರೆ ಕಾಲಿಗೆ ಗೊತ್ತೇ ಆಗುವುದಿಲ್ಲ. ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ ಅಲ್ವಾ? ಹಾಗಾಗಿ ಅಂದಿನವರು ಗುಡ್ಡ ಕಡಿದು, ತಗ್ಗು ತುಂಬಿಸಿ, ದಾರಿಯನ್ನು ಸಮ ಮಾಡಿಟ್ಟಿದ್ದಾರೆ. ರೈಲಿಗೆಂದು ಪಟ್ಟ ಆ ಶ್ರಮ ಈಗ ನಮ್ಮ ಮೊಣಕಾಲಿಗೆ ಒದಗಿತು. ಚಿಕ್ಕ ಚಕ್ರದ ಸೈಕಲ್ಲಿನ ಮಕ್ಕಳು, ಎಂಬತ್ತು ದಾಟಿರಬಹುದಾದ ಅಜ್ಜ ಅಜ್ಜಿ, ಎಲ್ಲರೂ ಇದೇ ದಾರಿಯಲ್ಲಿ ಹೋಗುತ್ತಿದ್ದರು. ಎದುರಾದವರೆಲ್ಲ "ಬೊಂಜೂರ್" ಅನ್ನುತ್ತಾರೆ. ಎರಡನೇ ಗಂಟೆಗೆ ನಾನೂ ಮೊದಲೇ ಹೇಳಲು ಶುರು ಮಾಡಿದೆ.

ಹಳೇ ಸ್ಟೇಷನ್ನುಗಳು ಹಾಗೇ ನಿಂತಿವೆ. ಬುಸ್ಸಿಯಲ್ಲಿ ಅಂಥದ್ದೊಂದರ ಮುಂದೆ ಕೂತು ನೀರು ಕುಡಿದೆವು. ಪ್ಲಾಟ್‌ಫಾರ್ಮಿನ ಅಂಚು ಇನ್ನೂ ಗುರುತು ಸಿಗುತ್ತದೆ. ರೈಲು ಬರುವ ಕಡೆಗೇ ಕಣ್ಣು ಹೋಗುತ್ತದೆ. ಬರುವುದು ಸೈಕಲ್ಲಿನ ಸಣ್ಣ ಗಂಟೆ.

ಊಟದ ವಿಷಯ ಒಂದು ಹೇಳಲೇಬೇಕು. ಈ ಕಡೆ ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡಕ್ಕೋ ಹನ್ನೆರಡೂವರೆಗೋ ಬಾಗಿಲು ಹಾಕುತ್ತವೆ. ಮತ್ತೆ ತೆರೆಯುವುದು ಎರಡರ ಮೇಲೆ. ಕೆಲವಕ್ಕೆ ಸೋಮವಾರ ಪೂರ್ತಿ ರಜೆ. ನಾವು ಬೇಕರಿಯೊಂದರ ಮುಂದೆ ನಿಂತಾಗ ಹನ್ನೆರಡು ನಲವತ್ತು. ಒಳಗೆ ಕುರ್ಚಿ ಮೇಜಿನ ಮೇಲೇರಿತ್ತು. ಬೆಳಗ್ಗೆ ಕೊಂಡಿದ್ದ ಒಂದು ಬಗೆತ್, ಸಂತೆಯಲ್ಲಿ ಸಿಕ್ಕ ಪುಟ್ಟ ಮೇಕೆ ಹಾಲಿನ ಚೀಸ್, ಮತ್ತೆ ಚೀಲದ ತಳದಲ್ಲಿ ಅತ್ತೆ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ. ಕಲ್ಲಿನ ಕಟ್ಟೆ ಮೇಲೆ ಬ್ರೆಡ್ಡನ್ನು ಉದ್ದಕ್ಕೆ ಸೀಳಿ, ಚೀಸ್ ಸವರಿ, ಪುಡಿ ಉದುರಿಸಿದೆವು. ಚೀಸಿನ ಹುಳಿಗೆ ಆ ಖಾರ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಮೂರು ದಿನವೂ ಮಧ್ಯಾಹ್ನ ಅದೇ ಊಟ ಮಾಡಿದೆವು. ನೀವು ಹೋದರೆ ಹನ್ನೊಂದು ಗಂಟೆಯೊಳಗೆ ಬುತ್ತಿ ಚೀಲದಲ್ಲಿರಲಿ.

ಎರಡು ರಾತ್ರಿ ಕೊರ್ಮತಾಂ ಊರಿನಲ್ಲಿ ಉಳಿದೆವು.

ಎರಡನೇ ದಿನ ಹಸಿರು ದಾರಿ ಬಿಟ್ಟು ರಸ್ತೆಗೆ ಇಳಿದೆವು. ಡಿ14 ಅನ್ನುವ ಜಿಲ್ಲಾ ರಸ್ತೆ. ಮೊದಲು ಶಪೇಜ್. ಹಿಡಿ ತುಂಬ ಮನೆಗಳ ಊರು, ನಡುವೆ ಹನ್ನೊಂದನೇ ಶತಮಾನದ ಚರ್ಚು, ಅದರ ಗಂಟೆಗೋಪುರ 35 ಮೀಟರ್ ಎತ್ತರ. ಊರಿನ ಅಳತೆಗೂ ಗೋಪುರದ ಅಳತೆಗೂ ಸಂಬಂಧವೇ ಇಲ್ಲ. ಹೊಲದ ನಡುವೆ ಸೈಕಲ್ ತುಳಿಯುವಾಗ ಬಹಳ ಹೊತ್ತು ಅದು ಬೆನ್ನ ಹಿಂದೆ ಕಾಣುತ್ತಲೇ ಇರುತ್ತದೆ.

ರಸ್ತೆಯ ಮೇಲೆ ಕಾರುಗಳಿದ್ದವು. ಆದರೆ ಒಂದೂ ಹಾರ್ನ್ ಹೊಡೆಯಲಿಲ್ಲ. ಊರ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು ಅನ್ನುವುದು ಅಲ್ಲಿನ ಕಾನೂನು. ಒಂದು ತಿರುವಿನಲ್ಲಿ ಟ್ರ್ಯಾಕ್ಟರ್ ಓಡಿಸುವವನು ನಮ್ಮ ಹಿಂದೆಯೇ ನಿಧಾನವಾಗಿ ಬಂದ. ಎದುರಿನ ರಸ್ತೆ ಕಣ್ಣಿಗೆ ಬಿದ್ದ ಮೇಲಷ್ಟೇ ಪೂರ್ತಿ ಆ ಬದಿಗೆ ಹೋಗಿ, ಕೈ ಎತ್ತಿ ದಾಟಿದ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಹತ್ತು ವರ್ಷ ಸೈಕಲ್ ತುಳಿದವನು ನಾನು. ಹಿಂದೆ ಗಾಡಿ ಸದ್ದು ಕೇಳಿದರೆ ಭುಜ ತಾನಾಗಿ ಬಿಗಿಯುತ್ತದೆ. ಅವತ್ತು ಮಧ್ಯಾಹ್ನದ ಹೊತ್ತಿಗೆ ಆ ಬಿಗಿ ಇಲ್ಲ ಅನ್ನುವುದು ಗಮನಕ್ಕೆ ಬಂತು. ಒಂದು ಎಚ್ಚರಿಕೆ ಮಾತ್ರ ಬೇಕು: ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಎಷ್ಟೇ ಸಣ್ಣ ಓಣಿಯಾದರೂ ಸರಿ, ನಿಂತು ನೋಡಬೇಕು.

ಬ್ರಾಂಸ್ಯೋನ್ ಬೆಟ್ಟದ ಮೇಲಿನ ಊರು. ಕೋಟೆ, ಮರದ ಕಂಬಗಳ ಹಳೇ ಸಂತೆಮಾಳಿಗೆ, ತುದಿಯಲ್ಲಿ ಒಂದು ಚರ್ಚು. ಏರು ಶುರುವಾಗುವ ಮುಂಚೆಯೇ ನಮ್ಮ ಬಾಟಲಿ ಖಾಲಿ. ಬಿಸಿಲು ಜೋರಾಗಿತ್ತು. ಅಂಗಡಿ ಇಲ್ಲ, ಹೋಟೆಲ್ ಇಲ್ಲ, ಮನೆಗಳ ಕಿಟಕಿಬಾಗಿಲು ಮುಚ್ಚಿವೆ. ಭಾಮೈದ "ಬನ್ನಿ ಭಾವ, ನೀರು ಎಲ್ಲಿದೆ ನನಗೆ ಗೊತ್ತು" ಅಂತ ಸೈಕಲ್ ತಿರುಗಿಸಿ, ಊರಾಚೆ ಒಂದು ಕಲ್ಲಿನ ಗೋಡೆಯ ಹತ್ತಿರ ನಿಲ್ಲಿಸಿದ. ಸ್ಮಶಾನ.

ನಾನು ತಡೆದೆ. ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದ. "ಫ್ರಾನ್ಸ್‌ನಲ್ಲಿ ದೂರ ಸೈಕಲ್ ಹೊಡೆಯೋರೆಲ್ಲ ಇಲ್ಲೇ ನೀರು ತುಂಬಿಸ್ತಾರೆ. ಸಮಾಧಿ ಮೇಲಿನ ಗಿಡಕ್ಕೆ ಹಾಕೋಕೆ ಪ್ರತಿ ಊರಲ್ಲೂ ನಲ್ಲಿ ಇಟ್ಟಿರ್ತಾರೆ" ಅಂದ. ಕಬ್ಬಿಣದ ಗೇಟು ಸದ್ದು ಮಾಡುತ್ತ ತೆರೆಯಿತು. ಒಳಗೆ ಜಲ್ಲಿ ಹಾಸಿದ ಕಾಲುದಾರಿ. ಎರಡೂ ಕಡೆ ಬೂದು ಕಲ್ಲಿನ ಸಮಾಧಿಗಳು, ಕೆಲವದರ ಮೇಲೆ ಪಿಂಗಾಣಿಯ ಹೂ, ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಸತ್ತವರ ಫೋಟೋ. ಮೂಲೆಯಲ್ಲಿ ನಲ್ಲಿ. ಅದರ ಪಕ್ಕ ಗೋಡೆಗೆ ಹೊಡೆದ ಮೊಳೆಗಳಲ್ಲಿ ಹಸಿರು ಪ್ಲಾಸ್ಟಿಕ್ಕಿನ ನೀರು ಹಾಕುವ ಕ್ಯಾನುಗಳು ಸಾಲಾಗಿ ನೇತಾಡುತ್ತಿದ್ದವು. ‘ನೋನ್ ಪೊತಾಬ್ಲ್’, ಅಂದರೆ ಕುಡಿಯಲು ಆಗದು, ಅನ್ನುವ ಬೋರ್ಡು ಇದೆಯಾ ಅಂತ ಮೊದಲು ನೋಡಿದೆವು. ಇರಲಿಲ್ಲ. ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ನೀರು ಹಲ್ಲು ಜುಂ ಅನ್ನುವಷ್ಟು ತಣ್ಣಗಾಯಿತು.

ಅಷ್ಟರಲ್ಲಿ ಒಬ್ಬ ಅಜ್ಜಿ ಕ್ಯಾನು ತೆಗೆದುಕೊಳ್ಳಲು ಬಂದರು. ನನಗೆ ಸಂಕೋಚ. ಅವರಿಗೆ ಇದು ನಿತ್ಯದ ವಿಷಯ ಅಂತ ಕಾಣುತ್ತದೆ. ನಮ್ಮ ಬಾಟಲಿ ತುಂಬುವವರೆಗೆ ಕಾದರು. ನಾನು ಅವರ ಕ್ಯಾನು ತುಂಬಿಸಿ, ಅವರು ತೋರಿಸಿದ ಸಮಾಧಿಯವರೆಗೆ ಹಿಡಿದುಕೊಂಡು ಹೋದೆ. ಕಲ್ಲಿನ ಮೇಲೆ ಎರಡು ಹೆಸರು. ಒಂದರ ಮುಂದೆ ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ಇದ್ದವು. ಇನ್ನೊಂದರ ಮುಂದೆ ಹುಟ್ಟಿದ ವರ್ಷ ಮಾತ್ರ. ಅವರು ಜೆರೇನಿಯಂ ಕುಂಡಕ್ಕೆ ನೀರು ಹಾಕಿ, ಒಣಗಿದ ಎಲೆ ಚಿವುಟಿ ಜೇಬಿಗೆ ಹಾಕಿಕೊಂಡರು. "ಬೋನ್ ರೂತ್" ಅಂದರು. ದಾರಿ ಒಳ್ಳೆಯದಾಗಲಿ ಅಂತ.

ಆ ನೀರಿನಲ್ಲೇ ಬ್ರಾಂಸ್ಯೋನ್ ಏರಿದೆವು. ಚಿಕ್ಕ ಗೇರಿನಲ್ಲಿ, ಮಾತಿಲ್ಲದೆ. ಮೇಲೆ ಚರ್ಚಿನ ಹಿಂದಿನ ಜಗಲಿಯಿಂದ ಗ್ರೋನ್ ಹೊಳೆಯ ಕಣಿವೆ ಪೂರ್ತಿ ಕಾಣುತ್ತದೆ. ಬೇಲಿಗಿಡಗಳ ಗೆರೆ, ಹುಲ್ಲುಗಾವಲು, ಅದರಲ್ಲಿ ಬಿಳಿ ಚುಕ್ಕೆಗಳ ಹಾಗೆ ಶಾರೊಲೆ ದನಗಳು. ಒಂದು ಗಂಟೆ ಸುಮ್ನೆ ಕೂತೆವು.

ಮೂರನೇ ದಿನ ಬೆಳಗ್ಗೆ ಬೇಗ ಹೊರಟು ತೇಜೆ ಹಳ್ಳಿಗೆ ಹೋದೆವು. 1940ರಲ್ಲಿ ಸ್ವಿಟ್ಜರ್ಲೆಂಡಿನ ರೋಜೆ ಅನ್ನುವ ಯುವಕ ಇಲ್ಲಿಗೆ ಬಂದು, ಯುದ್ಧದಿಂದ ಓಡಿಬಂದವರಿಗೆ ಆಸರೆ ಕೊಟ್ಟ. ಅದರಿಂದ ಬೆಳೆದ ಸೋದರರ ಆಶ್ರಮಕ್ಕೆ ಈಗ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಬರುತ್ತಾರೆ. ನಾವು ಕ್ರೈಸ್ತರಲ್ಲ. ಬೆಳಗಿನ ಪ್ರಾರ್ಥನೆಗೆ ಒಳಗೆ ಹೋದಾಗ ಯಾರೂ ಏನೂ ಕೇಳಲಿಲ್ಲ. ಬೆಂಚುಗಳಿಲ್ಲ, ಜನ ನೆಲದ ಮೇಲೆ ಕೂತಿದ್ದರು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ನಮ್ಮ ಭಜನೆಯ ಹಾಗೆ. ಆಮೇಲೆ ಹಾಡು ನಿಂತು ಹಲವು ನಿಮಿಷ ಪೂರ್ತಿ ಮೌನ. ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು ನಾನು ಮೊದಲು ಕೇಳಿರಲಿಲ್ಲ.

ಕ್ಲೂನಿಯಲ್ಲಿ ಮನಸ್ಸಿಗೆ ನೋವಾಯಿತು. 910ರಲ್ಲಿ ಹುಟ್ಟಿದ ಮಠ. 1088ರಲ್ಲಿ ಕಟ್ಟಲು ಶುರು ಮಾಡಿದ ಚರ್ಚು 187 ಮೀಟರ್ ಉದ್ದ. ರೋಮಿನ ಈಗಿನ ಸೇಂಟ್ ಪೀಟರ್ಸ್ ಏಳುವವರೆಗೂ ಅಷ್ಟು ದೊಡ್ಡ ಚರ್ಚು ಇನ್ನೊಂದಿರಲಿಲ್ಲ. ಕ್ರಾಂತಿಯ ನಂತರ 1798ರಲ್ಲಿ ಅದನ್ನು ಮಾರಿದರು. ಕೊಂಡವರು ಕಲ್ಲಿಗಾಗಿ ಕೆಡವಿದರು. ಹತ್ತರಲ್ಲೊಂದು ಪಾಲೂ ಉಳಿದಿಲ್ಲ. ಬಾಗಿಲಿದ್ದ ಜಾಗದಲ್ಲಿ ನಿಂತರೆ ಕಂಬಗಳ ಬುಡ ಮಾತ್ರ ಕಾಣುತ್ತವೆ. ದೂರದಲ್ಲಿ ಎಂಟು ಮೂಲೆಯ ಒಂದು ಗಂಟೆಗೋಪುರ. ಹಂಪಿ ನೋಡಿದವರಿಗೆ ಆ ಖಾಲಿ ಜಾಗ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಕ್ಲೂನಿ ಬಿಟ್ಟ ಮೇಲೆ ಬ್ವಾ ಕ್ಲೇರ್ ಸುರಂಗ. ಇದೂ ರೈಲಿನದೇ, 1.6 ಕಿಲೋಮೀಟರ್ ಉದ್ದ. ಚಳಿಗಾಲದಲ್ಲಿ ಬಾವಲಿಗಳು ಮಲಗುತ್ತವೆ ಅಂತ ಮುಚ್ಚುತ್ತಾರೆ. ಜೂನ್‌ನಲ್ಲಿ ತೆರೆದಿತ್ತು. ಹೊರಗೆ ಬೆವರು ಸುರಿಯುವ ಸೆಕೆ, ಒಳಗೆ ಕಾಲಿಟ್ಟ ಕೂಡಲೇ ಜಾಕೆಟ್ ಹುಡುಕುವಷ್ಟು ಚಳಿ. ಗೋಡೆಯ ಉದ್ದಕ್ಕೂ ಮಂದ ದೀಪ. ನಮ್ಮ ಎರಡು ಸೈಕಲ್ಲಿನ ಚೈನ್ ಸದ್ದು ಇಪ್ಪತ್ತು ಸೈಕಲ್ಲಿನ ಸದ್ದಾಗಿ ಕೇಳುತ್ತಿತ್ತು. ಆ ಕಡೆ ಹೊರಬಿದ್ದರೆ ಮತ್ತೆ ಬಿಸಿಲು, ಮತ್ತೆ ದ್ರಾಕ್ಷಿ ತೋಟ, ಮತ್ತೆ ಇಳಿಜಾರು, ಮಾಕೋನ್‌ವರೆಗೂ.

ಸ್ಟೇಷನ್ನಿನಲ್ಲಿ ರೈಲಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಭಾಮೈದ ನಕ್ಷೆ ಬಿಡಿಸಿ, ತುರ್ನ್ಯು ಕಡೆ ಬೆರಳಿಟ್ಟು, "ಇಲ್ಲೇ ಹತ್ತಿರ ಶಾರ್ದೊನೆ ಅಂತ ಒಂದು ಹಳ್ಳಿ ಇದೆ ಭಾವ, ವೈನ್ ಮಾಡುವ ಶಾರ್ದೊನೆ ದ್ರಾಕ್ಷಿಯ ಹೆಸರಿನದೇ. ಮುಂದಿನ ಸಲ ಅಕ್ಕನನ್ನೂ ಕರ್ಕೊಂಡು ಬನ್ನಿ" ಅಂದ. ನಾನು ನಕ್ಷೆಯ ಮೇಲೆ ಪೆನ್ನಿನಿಂದ ಗುರುತು ಹಾಕಿದೆ.