ಕುದುರೆ ಎಲ್ಲಿ ಹೋಯ್ತು?

ಹೋದ ಭಾನುವಾರ ಮಾಲೂರಿಗೆ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಮೊಮ್ಮಗನನ್ನು ಕೇಳಿದರು, "ಸ್ಕೂಲಲ್ಲಿ ಮಣ್ಣಿನ ಕುದುರೆ ಮಾಡ್ತಿದೀನಿ ಅಂತಿದ್ದೆಯಲ್ಲ, ಎಲ್ಲಿ, ತೋರ್ಸು." ಐದು ವರ್ಷದ ನನ್ನ ಮಗನಿಗೆ ಒಂಚೂರೂ ಬೇಜಾರಿಲ್ಲ. "ಕುದುರೆ ಇಲ್ಲ ಅಜ್ಜಿ. ಮಣ್ಣು ಡಬ್ಬಕ್ಕೆ ಹಾಕಿದ್ವಿ. ಹೆಂಗೆ ಮಾಡ್ದೆ ಅಂತ ತೋರಿಸ್ಲಾ?" ಅಂದ. ಬರೀ ಕೈಯಲ್ಲೇ ಶುರು ಹಚ್ಚಿಕೊಂಡ. ಹೊಟ್ಟೆ ದಪ್ಪ ಆಗಿ ಕಾಲು ಮುರಿದಿದ್ದು, ಕಾಲಿಗೆ ಕಡ್ಡಿ ಸಿಕ್ಕಿಸಿದ್ದು, ಆ ಕಡ್ಡಿ ಬೆನ್ನಿಂದ ಆಚೆ ಬಂದಿದ್ದು, ಕೊನೆಗೆ ಕುದುರೆಯನ್ನು ಮಲಗಿಸಿಬಿಟ್ಟಿದ್ದು. ಮಲಗಿರೋ ಕುದುರೆಗೆ ಕಾಲು ಗಟ್ಟಿ ಇರಬೇಕಾಗಿಲ್ಲವಂತೆ. ಅಮ್ಮ ಎಲ್ಲಾ ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಏನೋ ಇದು, ಅಷ್ಟೆಲ್ಲಾ ಮಾಡಿ ಕೊನೇಗೆ ಕಲಸಿ ಡಬ್ಬಕ್ಕೆ ಹಾಕ್ಸಿದ್ರಾ? ಇದಕ್ಕೆ ಫೀಸು ಬೇರೆ ಕಟ್ತೀಯಾ?" ಅಂದರು.

ನಾವಿರೋದು ಉತ್ತರ ಇಟಲಿಯ ರೆಜ್ಜೋ ಎಮಿಲಿಯಾದಲ್ಲಿ. ಚಿಕ್ಕ ಮಕ್ಕಳ ಶಾಲೆಗಳಿಗೇ ಹೆಸರಾದ ಊರು. 1945ರಲ್ಲಿ ಯುದ್ಧ ಮುಗಿದ ಕೂಡಲೇ ಪಕ್ಕದ ಹಳ್ಳಿಯ ಜನ, ಜರ್ಮನ್ ಸೈನ್ಯ ಬಿಟ್ಟುಹೋಗಿದ್ದ ಒಂದು ಟ್ಯಾಂಕು, ಲಾರಿ, ಕುದುರೆ ಎಲ್ಲಾ ಮಾರಿ ಆ ದುಡ್ಡಲ್ಲಿ ಮಕ್ಕಳಿಗೆ ಶಾಲೆ ಕಟ್ಟೋಕೆ ಹೊರಟರು. ಸುದ್ದಿ ಕೇಳಿ ಸೈಕಲ್ ತುಳಿದುಕೊಂಡು ನೋಡೋಕೆ ಬಂದ ಲೋರಿಸ್ ಮಲಗುಟ್ಸಿ ಅನ್ನೋ ಮೇಷ್ಟ್ರು ಅಲ್ಲೇ ಸೇರಿಕೊಂಡರು, ಮುಂದೆ ಈ ಕಲಿಕೆಯ ಪದ್ಧತಿಯನ್ನೇ ಬೆಳೆಸಿದರು. 1963ರಲ್ಲಿ ನಗರಸಭೆಯೇ ಇಂಥ ಶಾಲೆ ತೆರೆಯಿತು. ಶಾಲೆಯೊಳಗೆ ಬಣ್ಣ, ಮಣ್ಣು, ತಂತಿ ತುಂಬಿದ ಒಂದು ಕೆಲಸದ ಕೋಣೆ, ಅದನ್ನು ನೋಡಿಕೊಳ್ಳೋಕೆ ಕಲೆ ಗೊತ್ತಿರೋ ಒಬ್ಬರು. ಗೋಡೆ ಮೇಲೆ ಮಕ್ಕಳು ಮಾಡಿ ಮುಗಿಸಿದ್ದಕ್ಕಿಂತ ಮಾಡುತ್ತಿರುವ ಫೋಟೋಗಳೇ ಜಾಸ್ತಿ. ಮಗು ಆಗ ಏನಂತು ಅನ್ನೋದನ್ನೂ ಟೀಚರ್ ಕೆಳಗೆ ಬರೆದಿಡ್ತಾರೆ. ನನ್ನ ಮಗನ ಕುದುರೆಯ ಸಾಲೂ ಅಲ್ಲಿದೆ. ಕೊನೇ ಫೋಟೋದಲ್ಲಿ ಅವನ ಮುಷ್ಟಿ ಕೆಳಗೆ ಒಂದು ಮಣ್ಣಿನ ಉಂಡೆ, ಇವನು ಹಲ್ಲು ಕಿರಿಯುತ್ತಿದ್ದಾನೆ.

ನಮ್ಮ ಕಾಲದ ಡ್ರಾಯಿಂಗ್ ನಿಮಗೂ ಗೊತ್ತಲ್ಲ. ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನಮರ, ಒಂದು ಮನೆ. ಆಗಸ್ಟ್ 15ರ ಸ್ಪರ್ಧೆಗೆ ನಾನು ಬರೆದಿದ್ದನ್ನು ಮೇಷ್ಟ್ರು ಇಸ್ಕೊಂಡು ಬೆಟ್ಟ ತಿದ್ದಿದರು, ಮರ ಹೊಸದಾಗಿ ಹಾಕಿದರು, ಸುತ್ತ ಕಪ್ಪು ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದರು. ಫಸ್ಟ್ ಪ್ರೈಜ್ ಬಂತು. ಅದಕ್ಕೆ ಫ್ರೇಮ್ ಹಾಕಿಸಿ ಈಗಲೂ ನಮ್ಮನೆ ಹಾಲಲ್ಲಿ ನೇತುಹಾಕಿದ್ದಾರೆ. ಅದರಲ್ಲಿ ಆಕಾಶ ಒಂದು ನಂದು. ಈಗಿನ ಮಕ್ಕಳದ್ದು ಇನ್ನೂ ಸುಲಭ, ಸ್ಟೇಷನರಿ ಅಂಗಡಿಯಲ್ಲಿ ಥರ್ಮಾಕೋಲ್ ಮಾಡೆಲ್ ರೆಡಿಯೇ ಸಿಗುತ್ತೆ. ಅದೂ ಸಿಗದಿದ್ದರೆ ಅಪ್ಪಂದಿರು ರಾತ್ರಿಯೆಲ್ಲಾ ಕೂತು ಜ್ವಾಲಾಮುಖಿ ಮಾಡ್ತಾರೆ, ಬೆಳಗ್ಗೆ ಮಗು ಅದನ್ನು ಎರಡೂ ಕೈಯಲ್ಲಿ ಹಿಡಿದು ಆಟೋ ಹತ್ತುತ್ತೆ. ಅಪ್ಪನನ್ನು ಬೈಯೋಕಾಗಲ್ಲ, ನೀಟಾಗಿಲ್ಲದಿದ್ದರೆ ಮಾರ್ಕ್ಸ್ ಕಟ್. ಹೆಂಗೆ ಮಾಡ್ದೆ ಅಂತ ಮಗುವನ್ನು ಯಾರೂ ಕೇಳಲ್ಲ.

ನಂಗೆ ಸಿಟ್ಟು ಯಾಕೆ ಅಂದರೆ, ಇದೆಲ್ಲಾ ನಡೆಯೋದು ಶಿವಾರಪಟ್ಟಣ ಇರೋ ನಮ್ಮ ಮಾಲೂರು ತಾಲ್ಲೂಕಲ್ಲಿ. ಕಲ್ಲು ಕೆತ್ತೋ ಶಿಲ್ಪಿಗಳ ಊರು ಅದು, ಎಲ್ಲೆಲ್ಲಿಯ ದೇವಸ್ಥಾನಗಳಿಗೋ ಇಲ್ಲಿಂದ ವಿಗ್ರಹ ಹೋಗುತ್ತೆ. ಬೇಸಿಗೆ ರಜದಲ್ಲಿ ನಾವು ಅಲ್ಲಿ ನೆಂಟರ ಮನೆಗೆ ಹೋದರೆ ಪಕ್ಕದ ಶೆಡ್ಡಲ್ಲೇ ಬಿದ್ದಿರುತ್ತಿದ್ದೆವು. ಕೆಲಸ ಹಿಡಿಯೋ ಮೊದಲು ಶಿಲ್ಪಿ ತಾತ ಕಲ್ಲಿಗೆ ಸುತ್ತಿಗೆಯಲ್ಲಿ ಟಣ್ ಅಂತ ತಟ್ಟಿ ಕಿವಿಗೊಡುತ್ತಿದ್ದರು, ಸದ್ದು ಮಂಕಾದರೆ ಒಳಗೆ ಎಲ್ಲೋ ಬಿರುಕಿದೆ ಅಂತ. ಮೂಗಿನ ಜಾಗದಲ್ಲಿ ಕಲ್ಲು ದಪ್ಪಗೇ ಬಿಟ್ಟಿರುತ್ತಿದ್ದರು. ಯಾಕೆ ತಾತ ಅಂದರೆ, "ತೆಗೀಬೋದು ಮಗಾ, ಅಂಟ್ಸಕ್ಕಾಗಲ್ಲ" ಅನ್ನೋರು. ದಿನಾ ಆ ಮೂಗು ಒಂದೊಂದು ಚೂರು ಕರಗೋದನ್ನು ನೋಡೋದೇ ನಮಗೆ ಆಟ, ರೆಪ್ಪೆ ಮೇಲೆಲ್ಲಾ ಬಿಳೀ ಪುಡಿ. ವಿಗ್ರಹ ಮುಗಿದು ಹುಲ್ಲು ಸುತ್ತಿ ಲಾರಿಗೆ ಏರಿಸೋ ಹೊತ್ತಿಗೆ ನಾವು ಆಗಲೇ ಪಕ್ಕದ ಹೊಸ ಕಲ್ಲಿನ ಮುಂದೆ ಕೂತಿರುತ್ತಿದ್ದೆವು.

ಫ್ಲಾರೆನ್ಸಿನ ಅಕಾಡೆಮಿಯಾ ಮ್ಯೂಸಿಯಂಗೆ ಹೋದಾಗ ಇದೇ ನೆನಪಾಯಿತು. ಐದು ಮೀಟರ್ ಮೀರಿದ ಡೇವಿಡ್ ಮೂರ್ತಿಗೆ ಹೋಗೋ ದಾರಿಯಲ್ಲೇ ಮೈಕೆಲ್ಯಾಂಜೆಲೋ ಅರ್ಧಕ್ಕೆ ಬಿಟ್ಟ ನಾಲ್ಕು ಸೆರೆಯಾಳುಗಳಿದ್ದಾರೆ, ಪೋಪ್ ಎರಡನೇ ಜೂಲಿಯಸ್ ಸಮಾಧಿಗೆ ಅಂತ ಕೆತ್ತಿದ್ದು. ಮೈಮೇಲೆ ಹಲ್ಲಿರೋ ಉಳಿಯ ಗೆರೆಗಳು ಹಾಗೇ ಇವೆ. ಜನ ಫೋನ್ ಎತ್ತಿಕೊಂಡು ಡೇವಿಡ್ ಕಡೆ ಸರಸರ ಹೋಗ್ತಾರೆ. ನಾನಂತೂ ಇಲ್ಲೇ ನಿಂತುಬಿಟ್ಟೆ. ಡೇವಿಡ್ ಮುಂದೆ ಬಾಯಿ ಬಿಡೋದು ಬಿಟ್ಟರೆ ನನಗೇನೂ ಕೆಲಸವಿಲ್ಲ. ಇಲ್ಲಾದರೆ ಕೈ ಎಲ್ಲಿಂದ ಬಂತು, ಎಲ್ಲಿ ನಿಂತು ಯೋಚನೆ ಮಾಡಿತು, ಎಲ್ಲಾ ಹಿಂದಿನಿಂದ ಓದಿಕೊಂಡು ಹೋಗಬಹುದು.

ಈ ಸಲ ಊರಿಗೆ ಬಂದಾಗ ಮಗನನ್ನು ಶಿವಾರಪಟ್ಟಣಕ್ಕೆ ಕರ್ಕೊಂಡು ಹೋಗಬೇಕು ಅಂತ ತಮ್ಮನಿಗೆ ಹೇಳಿದೆ. "ಅಲ್ಲಣ್ಣ, ರೋಡ್ ಪಕ್ಕದ ಅಂಗಡೀಲೇ ರೆಡಿ ವಿಗ್ರಹ ಚೆನ್ನಾಗಿ ಜೋಡ್ಸಿರ್ತಾರೆ, ಅಲ್ಲೇ ತೋರಿಸ್ಕೊಂಡು ಬಂದುಬಿಡೋಣ, ಹತ್ತು ನಿಮಿಷದ ಕೆಲಸ" ಅಂದ. ಶೆಡ್ ಒಳಗೇ ಹೋಗಬೇಕು, ಬೆಳಗ್ಗೆಯಿಂದ ಸಂಜೆ ತನಕ ಕೂರಬೇಕು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಈಗೆಲ್ಲಾ ಗ್ರೈಂಡರ್ ಮಿಷಿನ್ನು ಕಣಣ್ಣ, ಧೂಳಂದ್ರೆ ಧೂಳು. ಮಗುಗೆ ಒಳ್ಳೇ ಮಾಸ್ಕ್ ಅಲ್ಲಿಂದಲೇ ತಗೊಂಡು ಬಾ" ಅಂದ.